ಮುಳ್ಳು ಮಲಗುವ ನೆಲ

ದಿಕ್ಸೂಚಿಯ ಮುಳ್ಳನ್ನು ಮೇಲಕ್ಕೂ ಕೆಳಕ್ಕೂ ಆಡುವ ಹಾಗೆ ತೂಗುಬಿಟ್ಟರೆ, ಧ್ರುವದ ಹತ್ತಿರ ಅದು ನೆಲಕ್ಕೆ ಮೂಗು ಚುಚ್ಚಿ ನಿಲ್ಲುತ್ತದೆ. ಸಮಭಾಜಕದ ಕಡೆಗೆ ಬಂದ ಹಾಗೆಲ್ಲ ತಲೆ ಎತ್ತುತ್ತ ಬಂದು, ತಿರುವನಂತಪುರದ ಸುತ್ತಮುತ್ತ ಚಾಪೆಯ ಮೇಲಿನ ಕೂಸಿನಂತೆ ಮಟ್ಟಸವಾಗಿ ಮಲಗಿಬಿಡುತ್ತದೆ. ನಮ್ಮ ದೇಶದ ರಾಕೆಟ್ಟು ಮೊದಲು ಮೇಲೆದ್ದದ್ದು ಆ ಮುಳ್ಳು ಮಲಗಿದ ಜಾಗದಿಂದ.

ಮುಳ್ಳು ಮಲಗಿದ ಕಡೆ ಆಕಾಶಕ್ಕೆ ನಿದ್ದೆಯಿಲ್ಲ.

ನಮ್ಮ ಮನೆಯ ರೇಡಿಯೊ ನಡುಮನೆಯ ಗೂಡಿನಲ್ಲಿತ್ತು. ಬುಧವಾರ ರಾತ್ರಿ ಎಂಟಕ್ಕೆ ಅಣ್ಣ ಸಿಲೋನ್ ಹಚ್ಚುತ್ತಿದ್ದ, ಬಿನಾಕಾ ಗೀತ್‌ಮಾಲಾ ಕೇಳಲು. ಯುಗಾದಿಯ ಆಸುಪಾಸಿನಲ್ಲೂ ನವರಾತ್ರಿಯ ಹೊತ್ತಿನಲ್ಲೂ ಕೆಲವು ರಾತ್ರಿ ಹಾಡು ನೀರಿನೊಳಗಿಂದ ಬಂದಂತೆ ನಡುಗುತ್ತಿತ್ತು. ಅಣ್ಣ ರೇಡಿಯೊದ ತಲೆಗೆ ತಟ್ಟುತ್ತಿದ್ದ. ಏರಿಯಲ್ ತಂತಿಯನ್ನು ಕಿಟಕಿಯಿಂದ ಹೊರಗೆಳೆದು ತೆಂಗಿನ ಮರಕ್ಕೆ ಕಟ್ಟುತ್ತಿದ್ದ. “ಸೆಲ್ಲು ಮುಗಿದಿರಬೇಕು ನೋಡೋ” ಎನ್ನುತ್ತಿದ್ದರು ಅಪ್ಪ. ಸೆಲ್ಲು ಹೊಸದೇ ಇರುತ್ತಿತ್ತು. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಏನೋ ಕುದಿಯುತ್ತಿದೆ, ಅದರ ನಡುಕ ನಮ್ಮ ಗೂಡಿನವರೆಗೆ ಇಳಿದಿದೆ ಎಂದು ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಗಾಳಿ ತೆಳುವಾಗುತ್ತ ಹೋಗಿ ಒಂದು ಕಡೆ ಮುಗಿಯುತ್ತದೆ ಎಂದುಕೊಂಡಿದ್ದೆವು. ಹಾಗೆ ಥಟ್ಟನೆ ಮುಗಿಯುವುದಿಲ್ಲ. 60 ಕಿಲೋಮೀಟರಿನಿಂದಾಚೆ ಅದು ಬೇರೆ ಗುಣ ತಾಳುತ್ತದೆ. ಬಿಸಿಲಿನ ಅತಿನೇರಳೆ ಕಿರಣವೂ ಎಕ್ಸ್-ಕಿರಣವೂ ಬಡಿದು ಕಣದಿಂದ ಎಲೆಕ್ಟ್ರಾನು ಕಳಚಿಕೊಳ್ಳುತ್ತದೆ. ಕಳಚಿದ್ದು ಒಂದು ಕಡೆ, ಕಳೆದುಕೊಂಡದ್ದು ಇನ್ನೊಂದು ಕಡೆ. ಈ ಅಗಲಿದವರ ನಾಡಿಗೆ ಅಯಾನುಗೋಳ ಎಂದು ಹೆಸರು.

ಅಗಲಿದವರ ಸಂಖ್ಯೆ ದೊಡ್ಡದೇನಲ್ಲ. 100 ಕಿಲೋಮೀಟರ್ ಎತ್ತರದಲ್ಲಿ ಸುಮಾರು ಹತ್ತು ಕೋಟಿ ಕಣಗಳಿಗೆ ಒಂದು. ಆ ಒಂದೊಂದೇ ಸೇರಿ ನಡುಹಗಲಿನಲ್ಲಿ ನೆಲದ ಮೇಲಿನ ಕಾಂತದ ಮುಳ್ಳನ್ನು ಅಲುಗಿಸುತ್ತವೆ. ಎಣಿಕೆಗೆ ಸಿಗದಷ್ಟು ಕಡಿಮೆಯವರು ಒಂದು ನಾಡಿನ ದಿಕ್ಕನ್ನು ತುಸು ಬದಲಿಸಿದ ಕತೆಗಳು ಚರಿತ್ರೆಯಲ್ಲೂ ಇವೆ.

ರಾತ್ರಿಯಾದರೆ ದೂರದ ರೇಡಿಯೊ ಕೇಂದ್ರಗಳು ಹತ್ತಿರ ಬರುತ್ತವೆ. ಹಗಲೆಲ್ಲ ಧಾರವಾಡವೊಂದೇ ಸಿಗುತ್ತಿದ್ದ ಮುಳ್ಳಿನ ಸಾಲಿನಲ್ಲಿ ಕತ್ತಲಾಗುತ್ತಲೂ ಹೆಸರು ಗೊತ್ತಿಲ್ಲದ ಭಾಷೆಗಳು ನುಸುಳುತ್ತಿದ್ದವು. ಹಗಲಿನಲ್ಲಿ ತರಂಗವನ್ನು ನುಂಗುವ ಕೆಳಪದರವೊಂದಿದೆ. ಬಿಸಿಲು ಹೋದೊಡನೆ ಅದು ಕರಗುತ್ತದೆ, ಮೇಲಿನ ಪದರ ಕನ್ನಡಿಯಾಗಿ ಉಳಿಯುತ್ತದೆ. ಹೆಚ್ಚು ಬೆಳಕಿದ್ದಾಗ ಹೆಚ್ಚು ದೂರ ಎಂದು ಕಣ್ಣು ಹೇಳುತ್ತದೆ. ಕಿವಿಯ ಲೆಕ್ಕ ಬೇರೆ.

1837ರಲ್ಲಿ ತಿರುವಾಂಕೂರಿನ ಅರಸ ಸ್ವಾತಿ ತಿರುನಾಳ್ ತನ್ನ ರಾಜಧಾನಿಯಲ್ಲೊಂದು ವೀಕ್ಷಣಾಲಯ ಕಟ್ಟಿಸಿದ. ಕೃತಿಗಳಿಗೆ ರಾಗ ಕೂಡಿಸುತ್ತಿದ್ದ ದೊರೆಗೆ ನಕ್ಷತ್ರಗಳ ಲೆಕ್ಕವೂ ಬೇಕಿತ್ತು. ಮೊದಲು ಬಂದವರು ಕಾಲ್ಡಿಕಾಟ್. ಅವರ ನಂತರ, 1850ರ ದಶಕದಲ್ಲಿ, ಸ್ಕಾಟ್ಲೆಂಡಿನ ಜಾನ್ ಅಲನ್ ಬ್ರೌನ್. ಇವರು ದಿನದಿನವೂ ಗಂಟೆಗಂಟೆಗೂ ಕಾಂತದ ಮುಳ್ಳನ್ನು ನೋಡಿ ಬರೆಸಿದರು. ಸಾಲದೆಂದು ಅಗಸ್ತ್ಯಮಲೆಯ ನೆತ್ತಿಯ ಮೇಲೆ, ಆನೆಯ ದಾರಿ ಹಿಡಿದು ಹತ್ತಿ, ಇನ್ನೊಂದು ವೀಕ್ಷಣಾಲಯ ಕಟ್ಟಿದರು. ಮಳೆ, ಜಿಗಣೆ, ಚಳಿಗೆ ನಡುಗುವ ಸಹಾಯಕರು. ಇವರೆಲ್ಲರ ಮೇಲೆ, 100 ಕಿಲೋಮೀಟರ್ ಎತ್ತರದಲ್ಲಿ ಹರಿಯುತ್ತಿದ್ದ ವಿದ್ಯುತ್ತಿನ ಹೊಳೆಯನ್ನು ಬಲ್ಲವರು ಆಗ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಆದರೂ ಆ ಹೊಳೆಯ ದಿನಚರಿ ಅವರ ಕಡತದಲ್ಲಿ ದಾಖಲಾಗುತ್ತಿತ್ತು.

ಏನು ಬರೆಯುತ್ತಿದ್ದೇವೆಂದು ಗೊತ್ತಿಲ್ಲದೆ ಪ್ರಾಮಾಣಿಕವಾಗಿ ಬರೆದಿಟ್ಟವರ ಮೇಲೆ ನನಗೆ ಎಲ್ಲಿಲ್ಲದ ಗೌರವ. ತಿಳಿದವರು ತಮಗೆ ಬೇಕಾದ್ದನ್ನು ಬರೆಯುತ್ತಾರೆ. ಇವರು ಇದ್ದದ್ದನ್ನು ಬರೆದರು.

ಬ್ರೌನರ ಕಡತದಲ್ಲಿ ಚಂದ್ರನೂ ಇದ್ದಾನೆ. ಕಡಲಿಗೆ ಉಬ್ಬರ ತರುವವನು ಗಾಳಿಗೂ ಸಣ್ಣ ಉಬ್ಬರ ತರುತ್ತಾನೆ. ಆ ಗಾಳಿ ಮೇಲಿನ ಅಯಾನುಗಳನ್ನು ದೂಡುತ್ತದೆ, ಅದರಿಂದ ಮುಳ್ಳು ಕೂದಲೆಳೆಯಷ್ಟು ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳನ್ನು ನಮ್ಮ ಮೀನುಗಾರರು ಬಲೆಯಲ್ಲಿ ಲೆಕ್ಕ ಹಾಕುತ್ತಾರೆ. ಅದೇ ಲೆಕ್ಕ ಕಾಂತದ ಮುಳ್ಳಿನ ತುದಿಯಲ್ಲೂ ಇದೆ.

ಸೈಕಲ್ಲಿನ ಡೈನಮೊ ನೋಡಿದವರಿಗೆ ಮೇಲಿನ ಆಕಾಶವನ್ನು ವಿವರಿಸುವುದು ಕಷ್ಟವಲ್ಲ. ಕಾಂತದ ನಡುವೆ ವಾಹಕ ಚಲಿಸಿದರೆ ವಿದ್ಯುತ್ತು ಹುಟ್ಟುತ್ತದೆ. ಇಲ್ಲಿ ಕಾಂತ ಎಂದರೆ ಭೂಮಿ. ವಾಹಕ ಎಂದರೆ ಅಯಾನು ಬೆರೆತ ಗಾಳಿ. ಗಾಲಿ ತಿರುಗಿಸುವ ಕಾಲು ಸೂರ್ಯನದು; ಅವನ ಬಿಸಿಗೆ ಗಾಳಿ ದಿನಕ್ಕೊಮ್ಮೆ ಉಬ್ಬಿ ಹರಿಯುತ್ತದೆ. ಬೇರೆ ನಾಡುಗಳ ಮೇಲೆ ಭೂಕಾಂತದ ಗೆರೆಗಳು ಓರೆಯಾಗಿ ನಿಂತಿರುತ್ತವೆ. ಒಂದೆಡೆ ರಾಶಿಬಿದ್ದ ವಿದ್ಯುದಂಶ ಆ ಇಳಿಜಾರಿನಲ್ಲಿ ಸೋರಿಹೋಗುತ್ತದೆ. ಮುಳ್ಳು ಮಲಗಿದಲ್ಲಿ ಗೆರೆಗಳೂ ಮಲಗಿರುತ್ತವೆ, ಸೋರಲು ದಾರಿಯಿಲ್ಲ. ಮೇಲೊಂದು ಕೆಳಗೊಂದು ಬದು ಹಾಕಿದ ಹಾಗೆ ವಿದ್ಯುದಂಶ ತುಂಬಿಕೊಳ್ಳುತ್ತದೆ, ಆ ಒತ್ತಡಕ್ಕೆ ಪೂರ್ವಕ್ಕೆ ಹರಿಯುವ ಪ್ರವಾಹ ಹಲವು ಪಟ್ಟು ಬಲಿಯುತ್ತದೆ. ಸುಮಾರು 105 ಕಿಲೋಮೀಟರ್ ಎತ್ತರ, ಕೆಲವು ನೂರು ಕಿಲೋಮೀಟರ್ ಅಗಲ. ಹೊಳೆ ಎಂದರೆ ಹೊಳೆಯೇ. 1951ರಲ್ಲಿ ಸಿಡ್ನಿ ಚಾಪ್ಮನ್ ಇದಕ್ಕೆ ಇಲೆಕ್ಟ್ರೋಜೆಟ್ ಎಂದು ಹೆಸರಿಟ್ಟರು. ಹೆಸರಿಡುವ ಮುಂಚೆ ಅದು ಎಷ್ಟು ಲಕ್ಷ ವರ್ಷ ಹರಿದಿತ್ತೋ.

ಇದರಿಂದ ಮುಳ್ಳು ಅಲುಗುವುದು ಎಷ್ಟು? ಭೂಕಾಂತದ ಒಟ್ಟು ಬಲದಲ್ಲಿ ಕೆಲವು ನೂರರಲ್ಲೊಂದು ಪಾಲು, ಅದೂ ಹನ್ನೊಂದು ಹನ್ನೆರಡು ಗಂಟೆಯ ಬಿಸಿಲಿಗೆ. ವಿಜ್ಞಾನದಲ್ಲಿ ದೊಡ್ಡ ಸಂಗತಿಗಳು ಬಹಳ ಸಲ ಮೂರನೆಯ ದಶಾಂಶದಲ್ಲಿ ವಾಸವಾಗಿರುತ್ತವೆ.

ಪೆರುವಿನ ಹುವಾಂಕಾಯೊ, ಇಥಿಯೋಪಿಯದ ಆಡಿಸ್ ಅಬಾಬಾ, ತಿರುವನಂತಪುರದ ಹತ್ತಿರದ ನಮ್ಮ ತುಂಬಾ ಎಂಬ ಊರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು, ಒಬ್ಬರ ಅಡುಗೆ ಇನ್ನೊಬ್ಬರಿಗೆ ಹಿಡಿಸದು. ಮುಳ್ಳಿನ ಲೆಕ್ಕದಲ್ಲಿ ಇವರೆಲ್ಲ ಒಂದೇ ಕೇರಿಯವರು. ಹುವಾಂಕಾಯೊದಲ್ಲಿ 1922ರಿಂದ ಬರೆದಿಟ್ಟ ಅಂಕಿಗಳು ತಿರುವನಂತಪುರದ ಆಕಾಶವನ್ನು ಓದಲು ನೆರವಾದವು. ಆಡಿಸ್ ಅಬಾಬಾದಲ್ಲಿ, ಹಗಲಿನಲ್ಲೇ ಈ ಹೊಳೆ ಕೆಲವೊಮ್ಮೆ ಹಿಂದಕ್ಕೆ ಹರಿಯುವುದನ್ನು 1960ರ ದಶಕದಲ್ಲಿ ಗುರುತಿಸಿದರು. ಅದು ಇಲ್ಲಿಯೂ ಹಾಗೆಯೇ ಹಿಂದಿರುಗುತ್ತದೆ.

ನೆತ್ತಿಯ ಮೇಲೆ ಸೂರ್ಯ ಸುಡುವ ಕಡೆ ಎಲೆಕ್ಟ್ರಾನುಗಳ ಬೆಳೆ ಹುಲುಸಾಗಿರಬೇಕಲ್ಲವೆ? ಹಾಗಿಲ್ಲ. 1946ರಲ್ಲಿ ಎಡ್ವರ್ಡ್ ಆಪಲ್ಟನ್ ಹಲವು ದೇಶಗಳ ಅಳತೆಗಳನ್ನು ಕೂಡಿಸಿ ನೋಡಿದಾಗ, ಕಾಂತೀಯ ಸಮಭಾಜಕದ ಮೇಲೆ ಪಳ್ಳ, ಅದರ ಎರಡೂ ಕಡೆ ಸುಮಾರು 15 ಡಿಗ್ರಿ ದೂರದಲ್ಲಿ ದಿಬ್ಬ. ಅದೇ ವರ್ಷ ಕಲ್ಕತ್ತೆಯಿಂದ ಶಿಶಿರ್ ಕುಮಾರ್ ಮಿತ್ರ ಒಂದು ಸಣ್ಣ ಟಿಪ್ಪಣಿ ಬರೆದು, ಸಮಭಾಜಕದ ಮೇಲೆ ಬಲು ಎತ್ತರದಲ್ಲಿ ಹುಟ್ಟಿದ್ದು ಕಾಂತದ ಗೆರೆಗಳಗುಂಟ ಎರಡೂ ಕಡೆ ಜಾರುತ್ತಿರಬಹುದು ಎಂದರು. ಮುಂದೆ ಈ ಚಿತ್ರಕ್ಕೆ ಇನ್ನೊಂದು ಅರ್ಧ ಸೇರಿತು: ಹಗಲಿನ ವಿದ್ಯುತ್ ಬಲ ಅಯಾನು-ಎಲೆಕ್ಟ್ರಾನುಗಳ ಬೆರಕೆಯನ್ನು, ಅಂದರೆ ಪ್ಲಾಸ್ಮಾವನ್ನು, ಮೊದಲು ಮೇಲಕ್ಕೆತ್ತುತ್ತದೆ, ಸೆಕೆಂಡಿಗೆ ಇಪ್ಪತ್ತು ಮೂವತ್ತು ಮೀಟರ್ ವೇಗದಲ್ಲಿ. ಆಮೇಲೆ ಅದು ತನ್ನ ಭಾರಕ್ಕೆ ತಾನೇ ಗೆರೆ ಹಿಡಿದು ಇಳಿಯುತ್ತದೆ. ಬಲ್ಲವರು ಇದನ್ನು ಕಾರಂಜಿ ಎನ್ನುತ್ತಾರೆ.

ಕಾರಂಜಿ ಚಿಮ್ಮುವುದು ಕೇರಳದ ತುದಿಯ ಆಕಾಶದಲ್ಲಿ. ಬೀಳುವುದು ಹೆಚ್ಚುಕಡಿಮೆ ಅಹಮದಾಬಾದಿನ ಆಕಾಶದಲ್ಲಿ. ಚಾಮರಾಜನಗರದಿಂದ ಬೀದರಿನವರೆಗೆ ನಾವೆಲ್ಲ ಅದರ ಕಮಾನಿನ ಕೆಳಗೆ ಕೂತವರು. ಉಳುಮೆಯ ಹೊತ್ತು, ಶಾಲೆಯ ಗಂಟೆ, ಸಂತೆಯ ಗದ್ದಲ, ಇವೆಲ್ಲದರ ಮೇಲೆ ದಿನವೂ ಸದ್ದಿಲ್ಲದೆ ದಾಟಿಹೋಗುವ ಈ ನೀರಿಲ್ಲದ ನೀರಿನ ಸುದ್ದಿಯನ್ನು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ನಾನು ಬಾಲ್ಯದಲ್ಲೇ ಒಮ್ಮೆ ತಲೆಯೆತ್ತಿ ನೋಡುತ್ತಿದ್ದೆ.

ಕಾರಂಜಿಯ ಬುಡ ತುಂಬಾದಲ್ಲಿ, ತುದಿ ಅಹಮದಾಬಾದಿನಲ್ಲಿ. ವಿಕ್ರಮ್ ಸಾರಾಭಾಯಿ ತಮ್ಮ ಭೌತ ಸಂಶೋಧನಾ ಪ್ರಯೋಗಾಲಯವನ್ನು ತುದಿಯ ಕೆಳಗೆ ಕಟ್ಟಿದರು, ರಾಕೆಟ್ ನೆಲೆಯನ್ನು ಬುಡದ ಕೆಳಗೆ. ಮೊದಲನೆಯದು ಹುಟ್ಟೂರಿನ ನಂಟಿನಿಂದ, ಎರಡನೆಯದು ಲೆಕ್ಕ ಹಾಕಿ. ನಂಟೂ ಲೆಕ್ಕವೂ ಒಂದೇ ಗೆರೆಯ ಮೇಲೆ ಕೂಡುವುದನ್ನು ಯೋಗ ಎನ್ನುತ್ತಾರೆ ನಮ್ಮ ಕಡೆ.

ಸಾರಾಭಾಯಿ ವಿಶ್ವಕಿರಣದ ಮೊದಲ ಅಳತೆಗಳನ್ನು ಮಾಡಿದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ವಿ. ರಾಮನ್ ಅವರ ಬಳಿ. ಯುದ್ಧದ ಕಾಲವದು, ಕೇಂಬ್ರಿಜ್ಜಿಗೆ ಮರಳುವ ಹಾಗಿರಲಿಲ್ಲ. ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣ ಹಿಡಿದವರು ಉಡುಪಿಯ ಹತ್ತಿರದ ಅದಮಾರಿನ ಯು. ಆರ್. ರಾವ್. ಗುರುವಿಗೆ ಬೆಂಗಳೂರು ಕೊಟ್ಟದ್ದನ್ನು ಶಿಷ್ಯ ಬೆಂಗಳೂರಿಗೇ ಹೊತ್ತು ತಂದ. ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ತಯಾರಾಯಿತು.

1975ರ ಏಪ್ರಿಲ್ 19ರಂದು ಮೇಲೇರಿದ ಆರ್ಯಭಟದೊಳಗೆ ಮೇಲ್ವಾಯುಮಂಡಲದ ಎಲೆಕ್ಟ್ರಾನುಗಳಿಗಾಗಿ ಒಂದು ಉಪಕರಣವಿತ್ತು. ಕೆಲವೇ ದಿನಗಳಲ್ಲಿ ಪ್ರಯೋಗಗಳ ವಿದ್ಯುತ್ತು ಕೈಕೊಟ್ಟಿತು. ಉಪಗ್ರಹ ಮಾತ್ರ ಸುತ್ತುತ್ತಲೇ ಇತ್ತು. ಅಂಕಿ ಸಿಗದ ಪ್ರಯೋಗವನ್ನು ನಾವು ಸೋಲಿನ ಪಟ್ಟಿಗೆ ಸೇರಿಸಿ ಮರೆಯುತ್ತೇವೆ. ಆ ಉಪಕರಣವನ್ನು ಬೆಸುಗೆ ಹಾಕಿ ಕೂರಿಸಿದ ಕೈಗಳು ಮುಂದಿನ ಉಪಗ್ರಹದ ಕೆಲಸಕ್ಕೆ ಹೋದವು, ಅಷ್ಟು ಕಲಿತುಕೊಂಡು.

ತುಂಬಾ ಮೀನುಗಾರರ ಹಳ್ಳಿ. ಸಂತ ಮೇರಿ ಮಗ್ದಲೀನಳ ಇಗರ್ಜಿ, ಸುತ್ತ ತೆಂಗು, ಎದುರಿಗೆ ಕಡಲು. ಜಾಗ ಬೇಕೆಂದು ಸಾರಾಭಾಯಿ ಕೇಳಿದ್ದು ಬಿಷಪ್ ಪೀಟರ್ ಬರ್ನಾರ್ಡ್ ಪಿರೇರಾ ಅವರನ್ನು. ದೇವರ ಮನೆಯನ್ನೂ ತಮ್ಮ ಮನೆಗಳನ್ನೂ ಬಿಟ್ಟುಕೊಟ್ಟು ಆ ಜನ ಬೇರೆಡೆ ಹೋಗಿ ನೆಲೆಸಿದರು. ಇಗರ್ಜಿಯೊಳಗೆ ಪ್ರಯೋಗಾಲಯ ಬಂತು, ಬಿಷಪ್ಪರ ಮನೆಯಲ್ಲಿ ಕಚೇರಿ. ರಾಕೆಟ್ಟಿನ ಬಿಡಿಭಾಗ ಸೈಕಲ್ಲಿನ ಮೇಲೆ ಹೋದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ, ಬಡತನದಲ್ಲೂ ಮಾಡಿದ ಸಾಧನೆ ಎಂದು ಹೆಮ್ಮೆಪಟ್ಟಿದ್ದೇವೆ. ಆ ಹೆಮ್ಮೆಯಲ್ಲಿ ಒಂದು ಪಾಲು ಗುಡಿಸಲು ಬಿಚ್ಚಿ, ಬಲೆ ಮಡಚಿ, ದೋಣಿ ಎಳೆದುಕೊಂಡು ಹೋದವರಿಗೆ ಸಲ್ಲಬೇಕು. ಅವರ ಚಿತ್ರವನ್ನು ಯಾರೂ ತೆಗೆದಂತಿಲ್ಲ.

1963ರ ನವೆಂಬರ್ 21. ಸಂಜೆ. ಅಮೆರಿಕದಿಂದ ಬಂದ ನೈಕಿ-ಅಪಾಚಿ ರಾಕೆಟ್ಟು ಮೇಲೇರಿ, ಫ್ರಾನ್ಸಿನವರು ಕೊಟ್ಟ ಸೋಡಿಯಂ ಆವಿಯನ್ನು ಚೆಲ್ಲಿತು. ನೆಲದಲ್ಲಿ ಕತ್ತಲು, ಮೇಲೆ ಇನ್ನೂ ಬಿಸಿಲು. ಕಿತ್ತಳೆ ಬಣ್ಣದ ಮೋಡವೊಂದು ದಕ್ಷಿಣದ ಆಕಾಶದಲ್ಲಿ ಅರಳಿ, ಎಳೆಎಳೆಯಾಗಿ ಬೇರೆಬೇರೆ ದಿಕ್ಕಿಗೆ ಹರಿಯಿತು. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ಕಡೆಗೆ ಎಂದು ಬರಿಗಣ್ಣಿಗೇ ಕಂಡಿತು. ಕಾಣದ ಗಾಳಿಗೆ ಬಣ್ಣ ಹಚ್ಚಿ ತೋರಿಸಿದ ಆ ಸಂಜೆಯಲ್ಲಿ ಕಡಲ ದಂಡೆಯಲ್ಲಿ ನಿಂತಿದ್ದ ಒಂದು ಮಗುವಾಗಿ ಹುಟ್ಟಿರಬೇಕಿತ್ತು ಅನ್ನಿಸುತ್ತದೆ.

ಬಲೂನು 40 ಕಿಲೋಮೀಟರಿನ ಆಸುಪಾಸಿಗೆ ಸೋಲುತ್ತದೆ. ಉಪಗ್ರಹ 150 ಕಿಲೋಮೀಟರಿಗಿಂತ ಕೆಳಗಿಳಿದರೆ ಗಾಳಿಗೆ ಸಿಕ್ಕಿ ಉರಿಯುತ್ತದೆ. ನಡುವಿನ ಈ ಸೀಮೆಗೆ ಒಳಹೊಕ್ಕು ನೋಡಬಲ್ಲದ್ದು ಸಣ್ಣ ರಾಕೆಟ್ಟೊಂದೇ, ಅದೂ ಕೆಲವೇ ನಿಮಿಷ. ನಮ್ಮ ಇಲೆಕ್ಟ್ರೋಜೆಟ್ ಇರುವುದು ಇಲ್ಲೇ. ಮನೆಯಂಗಳಕ್ಕಿಂತ ಚಂದ್ರನ ಅಂಗಳವನ್ನು ಹೆಚ್ಚು ಬಲ್ಲೆವು ಎಂದು ಯಾರಾದರೂ ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆ ಬಹಳವಿಲ್ಲ.

ಆ ಕೆಲವು ನಿಮಿಷಗಳಿಗಾಗಿ ಸತ್ಯಪ್ರಕಾಶ್ ಮತ್ತು ಅವರ ಅಹಮದಾಬಾದಿನ ಸಂಗಡಿಗರು ವರ್ಷಗಟ್ಟಲೆ ದುಡಿದರು. ರಾಕೆಟ್ಟಿನ ಮೂತಿಗೆ ಲೋಹದ ಒಂದು ಶೋಧಕ. ಎಲೆಕ್ಟ್ರಾನುಗಳ ಗುಂಪನ್ನು ಸೀಳುತ್ತ ಹೋಗುವಾಗ ಅದರೊಳಗೆ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುವುದು. ಹೊಳೆ ಮೇಲ್ನೋಟಕ್ಕೆ ಶಾಂತ, ಒಳಗೆಲ್ಲ ಸಣ್ಣ ಸಣ್ಣ ಸುಳಿ ಎಂದು ಆ ಶೋಧಕ ಹೇಳಿತು. ಸುಳಿ ಹೇಗೆ ಹುಟ್ಟುತ್ತದೆ ಎಂಬ ಸಿದ್ಧಾಂತಕ್ಕೆ ಸಾಕ್ಷಿ ದೊರೆತದ್ದು ತುಂಬಾದ ಮೇಲೆ. ಆಮೇಲೆ ರಾಕೆಟ್ಟು ಅರಬ್ಬಿ ಕಡಲಿಗೆ ಬಿತ್ತು. ಕಾಗದದ ಮೇಲಿನ ಗೀಟು ಉಳಿಯಿತು.

ಸಂಜೆಯೆಂದರೆ ನಮಗೆ ವಿರಾಮ. ಮೇಲಿನ ಆಕಾಶಕ್ಕೆ ಅದು ಗಂಡಾಂತರದ ಹೊತ್ತು. ಬಿಸಿಲು ಹೋಗುತ್ತಲೂ ಅಯಾನುಗೋಳದ ತಳ ಬೇಗ ಬೇಗ ಸವೆಯುತ್ತದೆ. ಇಡೀ ಮೇಲ್ಪದರ, ಇಳಿಯುವ ಮುನ್ನ, ಒಮ್ಮೆ ಜೋರಾಗಿ ಮೇಲೇಳುತ್ತದೆ. ದಟ್ಟವಾದದ್ದು ಮೇಲೆ, ಹಗುರಾದದ್ದು ಕೆಳಗೆ. ಎಣ್ಣೆಯ ಮೇಲೆ ನೀರು ಹೊಯ್ದು ಹಿಡಿದ ಹಾಗೆ. ಹೆಚ್ಚು ಹೊತ್ತು ನಿಲ್ಲದು. ಎಲ್ಲೋ ಒಂದು ಕಡೆ ಸಣ್ಣ ಅಲೆ ಎದ್ದರೆ ಸಾಕು, ಕೆಳಗಿನ ಹಗುರಾದ ಪ್ಲಾಸ್ಮಾ ಗುಳ್ಳೆಯಾಗಿ ಮೇಲಕ್ಕೆ ನುಗ್ಗುತ್ತದೆ, ಒಮ್ಮೊಮ್ಮೆ ಸಾವಿರ ಕಿಲೋಮೀಟರನ್ನೂ ದಾಟಿ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ಇದಕ್ಕೆ ಹೆಚ್ಚು ಒದಗುವ ಕಾಲ. ಅಂದರೆ ಯುಗಾದಿ, ನವರಾತ್ರಿ. ಅಣ್ಣ ತಟ್ಟುತ್ತಿದ್ದದ್ದು ರೇಡಿಯೊದ ತಲೆಗೆ, ತಪ್ಪು ಅದರದ್ದಾಗಿರಲಿಲ್ಲ.

ಹುವಾಂಕಾಯೊದಲ್ಲಿ ಬುಕರ್ ಮತ್ತು ವೆಲ್ಸ್ ಈ ಕಲಕಿದ ಪದರದ ವರದಿ ಬರೆದದ್ದು 1938ರಲ್ಲಿ. ಕಾರಣದ ಚಿತ್ರ ನಿಚ್ಚಳವಾದದ್ದು 1976ರಲ್ಲಿ, ವುಡ್‌ಮನ್ ಮತ್ತು ಲಾ ಹೋಸ್ ಪೆರುವಿನ ಹಿಕಮಾರ್ಕಾ ರಾಡಾರಿನಲ್ಲಿ ಗುಳ್ಳೆಯ ಗರಿಗಳನ್ನು ಕಂಡಾಗ. ಲಿಮಾದ ಹತ್ತಿರದ ಒಣ ಕಣಿವೆಯಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಆಂಟೆನಾ ಕಡ್ಡಿಗಳನ್ನು ಹಾಸಿ ಮಾಡಿದ ಅಂಗಳವದು. ಒಂದು ಪ್ರಶ್ನೆ 38 ವರ್ಷ ಕಾದಿತ್ತು. ಪ್ರಶ್ನೆಗಳಿಗೆ ವಯಸ್ಸಾಗುವುದಿಲ್ಲ, ಕೇಳಿದವರಿಗೆ ಆಗುತ್ತದೆ.

ಗುಳ್ಳೆಯನ್ನು ಕಣ್ಣಿನಲ್ಲೂ ಹಿಡಿಯಬಹುದು. ರಾತ್ರಿಯ ಆಕಾಶ ಪೂರ್ತಿ ಕಪ್ಪಲ್ಲ; ಸುಮಾರು 250 ಕಿಲೋಮೀಟರಿನಲ್ಲಿ ಆಮ್ಲಜನಕ ಮಂಕಾದ ಕೆಂಪು ಬೆಳಕು ಚೆಲ್ಲುತ್ತಿರುತ್ತದೆ, ನಮ್ಮ ಕಣ್ಣಿಗೆ ಎಟುಕದಷ್ಟು ಮಂಕು. ನಮ್ಮ ಬೆಳಗಾವಿಯಿಂದ ದೂರವಲ್ಲದ ಕೊಲ್ಹಾಪುರದಲ್ಲಿ ಇದನ್ನು ಹಿಡಿಯುವ ಕ್ಯಾಮೆರಾ ಇಟ್ಟು ನೋಡಿದ್ದಾರೆ. ಕೆಂಪಿನ ನಡುವೆ ಉತ್ತರ-ದಕ್ಷಿಣವಾಗಿ ಕಪ್ಪು ಪಟ್ಟೆಗಳು ಮೂಡಿ, ಮೆಲ್ಲಗೆ ಪೂರ್ವಕ್ಕೆ ಸಾಗುತ್ತವೆ. ಸೀರೆಯ ಪಟ್ಟೆಯನ್ನು ಯಾರೋ ಹಿಡಿದೆಳೆದ ಹಾಗೆ.

ಎಲ್ಲವೂ ಸೂರ್ಯನಿಂದ ಎಂದು ನಂಬಿದ್ದ ಶಾಸ್ತ್ರ 2006ರಲ್ಲಿ ತುಸು ವಿನಯ ಕಲಿಯಬೇಕಾಯಿತು. ಉಪಗ್ರಹದಿಂದ ನೋಡಿದರೆ ಕಾರಂಜಿಯ ದಿಬ್ಬ ಭೂಮಿಯ ಸುತ್ತ ಒಂದೇ ಸಮ ಇರಲಿಲ್ಲ, ನಾಲ್ಕು ಕಡೆ ಉಬ್ಬಿತ್ತು. ಉಷ್ಣವಲಯದ ಕಾಡುಗಳ ಮೇಲೆ ಸುರಿಯುವ ಗುಡುಗು ಮಳೆ ಗಾಳಿಯಲ್ಲಿ ಎಬ್ಬಿಸಿದ ಅಲೆಗಳು ಅಷ್ಟು ಎತ್ತರಕ್ಕೆ ಏರಿ ಅಚ್ಚು ಒತ್ತಿದ್ದವು. ಕಾಂಗೋದ ಮಳೆಗೂ ಅಮೆಜಾನಿನ ಮಳೆಗೂ ಅಯಾನುಗೋಳದಲ್ಲಿ ಸಹಿ ಇದೆ.

2009ರ ಜನವರಿಯಲ್ಲಿ ಉತ್ತರ ಧ್ರುವದ ವಾಯುಮಂಡಲ, ಮೂವತ್ತು ಕಿಲೋಮೀಟರ್ ಎತ್ತರದಲ್ಲಿ, ಇದ್ದಕ್ಕಿದ್ದಂತೆ ಕಾದಿತು. ಕೆಲವು ದಿನಕ್ಕೆ ಪೆರುವಿನ ಮೇಲಿನ ಪ್ಲಾಸ್ಮಾ ಬೆಳಿಗ್ಗೆ ಹೆಚ್ಚು ಏರಿ, ಮಧ್ಯಾಹ್ನ ಇಳಿಯತೊಡಗಿತು. ಧ್ರುವಕ್ಕೆ ಜ್ವರ ಬಂದರೆ ಸಮಭಾಜಕದ ನಾಡಿ ತಪ್ಪುತ್ತದೆ.

ಕೆ. ಆರ್. ರಾಮನಾಥನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರೇ ಮುಂದೆ ಸಾರಾಭಾಯಿಯವರ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. 1929ರಲ್ಲಿ, ಬಲೂನುಗಳ ಅಂಕಿ ಹಿಡಿದು, ಹವೆಯ ಮೇಲ್ಪದರದ ಅತಿ ತಣ್ಣನೆಯ ಗಾಳಿ ಇರುವುದು ಸಮಭಾಜಕದ ಮೇಲೆ, ಸುಮಾರು 17 ಕಿಲೋಮೀಟರ್ ಎತ್ತರದಲ್ಲಿ ಎಂದು ತೋರಿಸಿದವರು. ನೆಲ ಹೆಚ್ಚು ಸುಡುವಲ್ಲಿ ಮುಗಿಲು ಹೆಚ್ಚು ತಣ್ಣಗೆ. ಬಹಳ ವರ್ಷಗಳ ಮೇಲೆ, 1990ರ ದಶಕದ ಹೊತ್ತಿಗೆ, ಅದೇ ಪ್ರಯೋಗಾಲಯದ ರಾಘವರಾವ್ ಮತ್ತು ಸಂಗಡಿಗರು ಉಪಗ್ರಹದ ಹಳೆಯ ಅಂಕಿಗಳನ್ನು ಮತ್ತೆ ಜರಡಿ ಹಿಡಿದು ಇನ್ನೊಂದು ಕಂಡರು: ಪ್ಲಾಸ್ಮಾದ ದಿಬ್ಬವಿರುವಲ್ಲಿ ಮೇಲಿನ ಗಾಳಿ ಬಿಸಿ, ಅದರ ಓಟ ನಿಧಾನ, ಪಳ್ಳದಲ್ಲಿ ತಂಪು, ಓಟ ಜೋರು. ಅಸಂಖ್ಯ ತಟಸ್ಥ ಕಣಗಳಿಗೆ ಅವುಗಳಿಗಿಂತ ಎಷ್ಟೋ ಕಡಿಮೆಯಿರುವ ಅಯಾನುಗಳು ಅಡ್ಡ ನಿಂತಿದ್ದವು. ಹಳೆಯ ಅಂಕಿಯನ್ನು ಹೊಸ ಕಣ್ಣಿನಿಂದ ಓದುವುದಕ್ಕೆ ರಾಕೆಟ್ಟಿನ ಖರ್ಚಿಲ್ಲ, ಆದರೆ ಅದಕ್ಕೂ ಧೈರ್ಯ ಬೇಕು.

ಶಿಶಿರ್ ಕುಮಾರ್ ಮಿತ್ರರ ‘ದಿ ಅಪ್ಪರ್ ಅಟ್ಮಾಸ್ಫಿಯರ್’ ಗ್ರಂಥ ಕಲ್ಕತ್ತೆಯಲ್ಲಿ ಅಚ್ಚಾದದ್ದು 1947ರಲ್ಲಿ. ಒಂದು ದೇಶ ತನ್ನ ನೆಲದ ಗಡಿಗಾಗಿ ನೆತ್ತರು ಚೆಲ್ಲುತ್ತಿದ್ದ ವರ್ಷದಲ್ಲಿ, ಆ ನಗರದ ಒಬ್ಬ ಅಧ್ಯಾಪಕ ಗಡಿಯೇ ಇಲ್ಲದ ಎತ್ತರದ ಬಗ್ಗೆ ಜಗತ್ತಿಗೆ ಪಠ್ಯವಾಗುವ ಪುಸ್ತಕ ಮುಗಿಸಿದ.

ವಿಮಾನಕ್ಕೆ ದಾರಿ ಹೇಳುವ ‘ಗಗನ್’ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಉಪಗ್ರಹದ ಸಂಕೇತ ಅಯಾನುಗೋಳ ದಾಟುವಾಗ ತಡವಾಗುತ್ತದೆ. ನಮ್ಮ ಸೀಮೆಯಲ್ಲಿ ಆ ತಡದಿಂದ ಜಾಗದ ಲೆಕ್ಕ ಹತ್ತು ಮೀಟರಿಗೂ ಹೆಚ್ಚು ತಪ್ಪಬಹುದು. ಬೇರೆ ದೇಶದವರ ಸಮಾಧಾನದ ಆಕಾಶಕ್ಕೆ ಮಾಡಿದ ಲೆಕ್ಕ ಇಲ್ಲಿ ನಡೆಯದು. ದೇಶದ ಉದ್ದಗಲಕ್ಕೂ ಕೇಂದ್ರಗಳನ್ನಿಟ್ಟು, ನಮ್ಮ ಆಕಾಶವನ್ನು ನಾವೇ ಅಳೆದು, ಚೌಕ ಚೌಕವಾಗಿ ತಿದ್ದುಪಡಿ ಮಾಡಬೇಕಾಯಿತು. ಪರಾವಲಂಬನೆಯ ಬಗ್ಗೆ ಭಾಷಣ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಗ್ರಹಣದ ದಿನ ಎಲ್ಲರೂ ಸೂರ್ಯನನ್ನು ನೋಡುತ್ತಾರೆ. ಅಯಾನುಗೋಳದವರು ಅವನ ಇಲ್ಲದಿರುವಿಕೆಯನ್ನು ನೋಡುತ್ತಾರೆ. 2010ರ ಜನವರಿ 15ರ ಕಂಕಣ ಗ್ರಹಣಕ್ಕೆ ತುಂಬಾದಿಂದ ಸಾಲಾಗಿ ರಾಕೆಟ್ಟುಗಳು ಹೋದವು. ನಡುಹಗಲಿನಲ್ಲಿ ಬಿಸಿಲು ಕುಗ್ಗಿ ಮರಳುವ ಪ್ರಯೋಗವನ್ನು ಪ್ರಕೃತಿಯೇ ಮಾಡಿಕೊಡುವಾಗ ಯಾರು ಸುಮ್ಮನಿರುತ್ತಾರೆ?

1980ರ ಫೆಬ್ರವರಿ 16ರ ಪೂರ್ಣಗ್ರಹಣ ನಮ್ಮ ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆಯೇ ಹಾದುಹೋಯಿತು. ನಮ್ಮ ಮನೆಯಲ್ಲಿ ಬಾಗಿಲು ಹಾಕಿ, ನೀರಿನ ಹಂಡೆಗೆ ದರ್ಭೆ ಹಾಕಿ ಕೂತಿದ್ದೆವು. ಅಜ್ಜಿಗೆ ಬೇಸರ ಮಾಡಲು ಯಾರಿಗೂ ಮನಸ್ಸಿರಲಿಲ್ಲ. ಆ ಎರಡೂವರೆ ನಿಮಿಷ ಹೊರಗೆ ಹಕ್ಕಿಗಳ ಸದ್ದು ನಿಂತದ್ದು ಮಾತ್ರ ನೆನಪಿದೆ.

ಈ ವಿದ್ಯೆಯಲ್ಲಿ ಜಾಗ ಬಿಟ್ಟು ಕದಲದ ಒಬ್ಬರಾದರೂ ಬೇಕು. ಮುಳ್ಳು ಮಟ್ಟಸವಾಗಿ ಮಲಗುವ ಗೆರೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಭೂಮಿಯ ಒಡಲಿನ ಕರಗಿದ ಕಬ್ಬಿಣ ಹೊರಳಿದ ಹಾಗೆ ಅದೂ ವರ್ಷವರ್ಷ ಸರಿಯುತ್ತದೆ. ಕೂತವರಿಗೆ ಮಾತ್ರ ಅದು ಸರಿದದ್ದು ಗೊತ್ತು.

ಸಾರಾಭಾಯಿ ತೀರಿಕೊಂಡದ್ದು 1971ರ ಡಿಸೆಂಬರ್ ಕೊನೆಯ ಒಂದು ರಾತ್ರಿ, ಕೋವಳಂನಲ್ಲಿ, ತುಂಬಾಕ್ಕೆ ಬಂದಿದ್ದಾಗ. 52 ವರ್ಷ. ಅವರ ನೆತ್ತಿಯ ಮೇಲೆ ಆ ಹೊತ್ತಿಗೆ ಹೊಳೆ ಬತ್ತಿರುತ್ತದೆ, ರಾತ್ರಿ ಅದು ಹರಿಯುವುದಿಲ್ಲ. ಬೆಳಿಗ್ಗೆ ಮತ್ತೆ ಹರಿದಿರುತ್ತದೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಗೂಡಿನಿಂದ ಆ ರೇಡಿಯೊವನ್ನು ಇಳಿಸಿದೆ. ಅಣ್ಣನೇ ಧೂಳು ಒರೆಸಿ, ನಾಲ್ಕು ಸೆಲ್ಲು ಹಾಕಿ, ತಂತಿಯನ್ನು ಕಿಟಕಿಯಿಂದ ಹೊರಗೆಳೆದ. ತೆಂಗಿನ ಮರ ಈಗ ಇಲ್ಲ. ನೀರಿನ ತೊಟ್ಟಿಯ ಕಂಬಿಗೆ ಕಟ್ಟಿದ. ಎಂಟು ಗಂಟೆಯಾಗಿತ್ತು. 41 ಮೀಟರಿನ ಸಾಲಿನಲ್ಲಿ ಮುಳ್ಳನ್ನು ಮೆಲ್ಲಗೆ ಸರಿಸುತ್ತ ಹೋದ. ಮೊದಲೆಲ್ಲ ಬರೀ ಕೊರೆತ. ಆಮೇಲೆ ಒಂದು ಹೆಂಗಸಿನ ದನಿ, ಯಾವ ನಾಡಿನದೋ, ಏನೋ ಸುದ್ದಿ ಓದುತ್ತಿದ್ದಳು, ನೀರಿನೊಳಗಿಂದ ಬಂದಂತೆ ನಡುಗುತ್ತ. ಅಣ್ಣ ರೇಡಿಯೊದ ತಲೆಗೆ ತಟ್ಟಲು ಕೈ ಎತ್ತಿದ. “ಬೇಡ ಅಣ್ಣ, ಬಿಡು, ಹಾಗೇ ಇರಲಿ” ಅಂದೆ. ಇಬ್ಬರೂ ಕೂತು ಕೇಳಿದೆವು.